ಅಮೆರಿಕದ ಶಾಲೆಯಲ್ಲಿ ಮಗುವಿನ ಪರ ಕೂರುವವರು: ಸ್ಪೆಷಲ್ ಎಜುಕೇಷನ್ ಅಡ್ವೊಕೇಟ್ ನೆರವು ಪಡೆಯುವುದು ಹೇಗೆ?

ಅಮೆರಿಕದ ಶಾಲೆಯಿಂದ ಐಇಪಿ (ಮಗುವಿಗೆ ಬೇಕಾದ ವಿಶೇಷ ಶಿಕ್ಷಣದ ಲಿಖಿತ ಯೋಜನೆ) ಮೀಟಿಂಗಿಗೆ ಕರೆ ಬಂದಾಗ ನಮ್ಮ ಕನ್ನಡದ ಮನೆಗಳಲ್ಲಿ ಸಾಮಾನ್ಯವಾಗಿ ಕೇಳುವ ಮಾತು ಇದು: "ಅವರು ಏನು ಹೇಳ್ತಾರೋ ಕೇಳಿಕೊಂಡು ಬರೋಣ." ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ಬೆಳೆದವರು ನಾವು. ಅವರ ಮಾತಿಗೆ ಎದುರಾಡುವುದು ಅಗೌರವ ಅನ್ನುವ ಭಾವನೆ ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ಆದರೆ ಅಲ್ಲಿನ ಕಾನೂನಿನ ಪ್ರಕಾರ ಮಗುವಿನ ಓದನ್ನು ತೀರ್ಮಾನಿಸುವ ತಂಡದಲ್ಲಿ ಅಪ್ಪ ಅಮ್ಮನೂ ಸದಸ್ಯರು. ಸುಮ್ನೆ ಕೇಳಿಕೊಂಡು ಬಂದರೆ ಆ ಜಾಗ ಖಾಲಿ ಬಿಟ್ಟ ಹಾಗೆ.

ಮೇಜಿನ ಆ ಕಡೆ ಟೀಚರ್, ಸ್ಕೂಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್, ಡಿಸ್ಟ್ರಿಕ್ಟಿನ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದ) ಅಧಿಕಾರಿ ಕೂತಿರುತ್ತಾರೆ. ಅವರಿಗೆ ಇದು ದಿನನಿತ್ಯದ ಕೆಲಸ. ಈ ಕಡೆ ನೀವಿಬ್ಬರೇ. ನಿಮ್ಮ ಪಕ್ಕದಲ್ಲಿ ಕೂರುವ ಮೂರನೆಯವರೇ ಸ್ಪೆಷಲ್ ಎಜುಕೇಷನ್ ಅಡ್ವೊಕೇಟ್. ಅವರನ್ನು ಯಾವಾಗ ಕರೆಯಬೇಕು, ಹೇಗೆ ಆರಿಸಬೇಕು, ಅವರಿಂದ ಯಾವ ಕೆಲಸ ಮಾಡಿಸಿಕೊಳ್ಳಬೇಕು ಎಂದು ಇಲ್ಲಿ ಬರೆಯುತ್ತೇನೆ.

ಅಡ್ವೊಕೇಟ್ ಏನು ಮಾಡುತ್ತಾರೆ?

ಇವರು ವಕೀಲರಲ್ಲ. ವಿಶೇಷ ಶಿಕ್ಷಣದ ನಿಯಮಗಳನ್ನು ಚೆನ್ನಾಗಿ ತಿಳಿದುಕೊಂಡು ಪೋಷಕರ ಜೊತೆ ನಿಲ್ಲುವವರು. ಎಷ್ಟೋ ಜನ ಸ್ವತಃ ವಿಶೇಷ ಅಗತ್ಯದ ಮಕ್ಕಳ ಅಪ್ಪ ಅಮ್ಮಂದಿರು. ಕೆಲವರು ನಿವೃತ್ತ ಟೀಚರುಗಳು. ಶಾಲೆಯ ವರದಿಗಳನ್ನು ಓದಿ ನಿಮಗೆ ಬಿಡಿಸಿ ಹೇಳುತ್ತಾರೆ, ಪತ್ರ ಬರೆಯಲು ನೆರವಾಗುತ್ತಾರೆ, ಮೀಟಿಂಗಿಗೆ ಬರುತ್ತಾರೆ. ಶಾಲೆ ಬಾಯಲ್ಲಿ ಹೇಳಿದ್ದು ಕಾಗದಕ್ಕೆ ಬಂದಿದೆಯಾ ಎಂದು ನೋಡುತ್ತಾರೆ. ನನ್ನ ಪ್ರಕಾರ ಇದರಲ್ಲಿ ಕೊನೆಯದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಮೀಟಿಂಗಿನಲ್ಲಿ ಎಲ್ಲರೂ ಒಳ್ಳೆಯ ಮಾತನ್ನೇ ಆಡುತ್ತಾರೆ. ಮಗುವಿಗೆ ಸಿಗುವುದು ಮಾತ್ರ ಐಇಪಿಯಲ್ಲಿ ಬರೆದದ್ದು.

ಇದಕ್ಕೆಲ್ಲ ಆಧಾರ 1975ರಲ್ಲಿ ಬಂದ ಕೇಂದ್ರ ಕಾನೂನು. 1990ರಲ್ಲಿ ಅದಕ್ಕೆ ಐಡಿಇಎ ಎಂಬ ಹೆಸರು ಬಂತು, 2004ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಅರ್ಹರಾದ 3ರಿಂದ 21 ವರ್ಷದವರಿಗೆ ಅವರ ಅಗತ್ಯಕ್ಕೆ ತಕ್ಕ ಶಿಕ್ಷಣವನ್ನು ಸರ್ಕಾರಿ ಶಾಲೆ ಉಚಿತವಾಗಿ ಕೊಡಬೇಕು. ಆದಷ್ಟೂ ಉಳಿದ ಮಕ್ಕಳ ಜೊತೆಗೇ ಕಲಿಸಬೇಕು. ಮಗುವಿಗೆ ಏನು ಸಿಗಬೇಕು ಎಂದು ಬರೆದಿಡುವ ಯೋಜನೆಯೇ ಐಇಪಿ. ವರ್ಷಕ್ಕೊಮ್ಮೆಯಾದರೂ ಅದನ್ನು ಮತ್ತೆ ನೋಡಬೇಕು, ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಮಗುವಿನ ಅಗತ್ಯಗಳನ್ನು ಹೊಸದಾಗಿ ಪರೀಕ್ಷೆ ಮಾಡಬೇಕು. ಐಇಪಿಗೆ ಅರ್ಹತೆ ಸಿಗದ ಮಕ್ಕಳಿಗೆ 1973ರ ಇನ್ನೊಂದು ಕಾನೂನಿನ ಸೆಕ್ಷನ್ 504ರಡಿ ಬೇರೆ ಬಗೆಯ ಯೋಜನೆ ಸಿಗಬಹುದು.

ಊರಲ್ಲಿರುವ ಹಿರಿಯರಿಗೆ ಹೇಗಪ್ಪಾ ಹೇಳುವುದು ಎಂಬ ಸಂಕಟ ಬಹಳ ಮನೆಗಳಲ್ಲಿದೆ. "ಮಾತು ತಡ ಬರುತ್ತೆ ಅಷ್ಟೇ, ಅವರಪ್ಪನಿಗೂ ಹಾಗೇ ಆಗಿತ್ತು" ಎಂದು ಅಜ್ಜಿ ಫೋನಿನಲ್ಲಿ ಹೇಳುತ್ತಾರೆ. ಅದು ಪ್ರೀತಿಯ ಮಾತು, ನಿಜ. ಆದರೆ 2022-23ರಲ್ಲಿ ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಸುಮಾರು 75 ಲಕ್ಷ ಮಕ್ಕಳು ಈ ಕಾನೂನಿನಡಿ ಸೇವೆ ಪಡೆಯುತ್ತಿದ್ದರು. 100 ಮಕ್ಕಳಲ್ಲಿ 15 ಮಕ್ಕಳು! ನಿಮ್ಮ ಮಗುವಿನ ತರಗತಿಯಲ್ಲೇ ಇನ್ನೂ ಕೆಲವರು ಇರಬಹುದು. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಕಾಯುತ್ತಾ ಕೂತರೆ ಕಳೆದುಹೋಗುವುದು ಮಗುವಿನ ವರ್ಷಗಳು.

ಹೆಜ್ಜೆ 1: ಪರೀಕ್ಷೆ ಬೇಕು ಎಂದು ಬರೆದು ಕೇಳಿ

ಈ ಹೆಜ್ಜೆಗೆ ಅಡ್ವೊಕೇಟ್ ಬೇಕಾಗಿಲ್ಲ. ಟೀಚರ್ ಹತ್ತಿರ ಬಾಯಲ್ಲಿ ಹೇಳಿ ತಿಂಗಳುಗಟ್ಟಲೆ ಕಾಯುವುದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಹಾಗೆ ಮಾಡಬೇಡಿ. ಪ್ರಿನ್ಸಿಪಾಲರಿಗೂ ಡಿಸ್ಟ್ರಿಕ್ಟಿನ ಸ್ಪೆಷಲ್ ಎಜುಕೇಷನ್ ವಿಭಾಗಕ್ಕೂ ಒಂದೇ ಇಮೇಲ್ ಕಳಿಸಿ. ಅದರಲ್ಲಿ ಮೂರು ವಿಷಯ ಸಾಕು: ಮಗುವಿನ ಹೆಸರು ಮತ್ತು ತರಗತಿ, ನಿಮಗೆ ಕಾಣುತ್ತಿರುವ ತೊಂದರೆ, "ಅನುಮಾನ ಇರುವ ಎಲ್ಲ ವಿಷಯಗಳಲ್ಲೂ ವಿಶೇಷ ಶಿಕ್ಷಣದ ಪರೀಕ್ಷೆ ಮಾಡಿ" ಎಂಬ ಸ್ಪಷ್ಟ ಕೋರಿಕೆ. ತೊಂದರೆಯನ್ನು ಬರೆಯುವಾಗ ಕಣ್ಣಿಗೆ ಕಾಣುವಂತೆ ಬರೆಯಿರಿ. "ಓದಿನಲ್ಲಿ ಹಿಂದೆ" ಎನ್ನುವುದಕ್ಕಿಂತ "ಎರಡನೇ ತರಗತಿಯಲ್ಲಿದ್ದಾಳೆ, ಮೂರು ಅಕ್ಷರದ ಪದ ಓದಲೂ ಒದ್ದಾಡುತ್ತಾಳೆ, ಹೋಮ್‌ವರ್ಕ್ ಅಂದರೆ ಅಳುತ್ತಾಳೆ" ಎನ್ನುವುದು ಜಾಸ್ತಿ ಕೆಲಸ ಮಾಡುತ್ತದೆ.

ಗಡುವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೇಂದ್ರದ ನಿಯಮದಂತೆ, ನೀವು ಒಪ್ಪಿಗೆಗೆ ಸಹಿ ಹಾಕಿದ ಮೇಲೆ 60 ದಿನದೊಳಗೆ ಪರೀಕ್ಷೆ ಮುಗಿಯಬೇಕು. ರಾಜ್ಯಕ್ಕೆ ತನ್ನದೇ ಗಡುವಿದ್ದರೆ ಅದು ಅನ್ವಯಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪತ್ರ ತಲುಪಿದ 15 ದಿನದಲ್ಲಿ ಪರೀಕ್ಷೆಯ ಯೋಜನೆ ನಿಮ್ಮ ಕೈಗೆ ಬರಬೇಕು. ಟೆಕ್ಸಾಸ್‌ನಲ್ಲಿ ಒಪ್ಪಿಗೆಯ ನಂತರ 45 ಶಾಲಾ ದಿನ. ನ್ಯೂಜೆರ್ಸಿಯಲ್ಲಿ ಒಪ್ಪಿಗೆಯಿಂದ 90 ದಿನದಲ್ಲಿ ಪರೀಕ್ಷೆ, ಅರ್ಹತೆ, ಐಇಪಿ ಎಲ್ಲ ಮುಗಿದು ಸೇವೆ ಶುರುವಾಗಬೇಕು. ರಜೆಯ ದಿನಗಳ ಲೆಕ್ಕದಲ್ಲಿ ವ್ಯತ್ಯಾಸ ಇರುತ್ತದೆ. ಬೇಸಿಗೆ ರಜೆಗೆ ಊರಿಗೆ ಹೊರಡುವವರು ಏಪ್ರಿಲ್‌ವರೆಗೆ ಕಾಯದೆ ಮೊದಲೇ ಕೇಳುವುದು ಒಳ್ಳೆಯದು.

ವೀಸಾ ಬಗ್ಗೆ ಭಯ ಇರುವವರಿಗೆ ಒಂದು ಮಾತು. ವಲಸೆಯ ಸ್ಥಿತಿ ನೋಡಿ ಮಗುವಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಐಡಿಇಎ ಹಕ್ಕಿಗೂ ಪೌರತ್ವಕ್ಕೂ ಸಂಬಂಧ ಇಲ್ಲ. ಗ್ರೀನ್ ಕಾರ್ಡಿನ ಪ್ರಶ್ನೆ ಇದ್ದರೆ ವಾಟ್ಸ್ಆ್ಯಪ್ ಗುಂಪಿನ ಮಾತು ನಂಬಬೇಡಿ, ಇಮಿಗ್ರೇಷನ್ ವಕೀಲರನ್ನೇ ಕೇಳಿ.

ಹೆಜ್ಜೆ 2: ಕನ್ನಡದ ವಿಷಯವನ್ನು ಮೊದಲೇ ಎತ್ತಿ

ನಮ್ಮವರು ಎಲ್ಲಕ್ಕಿಂತ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗುವನ್ನು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದರೆ ಎರಡು ಬಗೆಯ ತಪ್ಪು ಆಗಬಹುದು. ಇಂಗ್ಲಿಷ್ ಹೊಸದು ಎಂಬ ಕಾರಣಕ್ಕೇ ಮಗುವಿಗೆ ತೊಂದರೆ ಇದೆ ಎಂದು ಬರೆದುಬಿಡಬಹುದು. ಇಲ್ಲವೇ ನಿಜವಾದ ತೊಂದರೆಯನ್ನು "ಇಂಗ್ಲಿಷ್ ಬಂದರೆ ಸರಿಹೋಗುತ್ತೆ" ಎಂದು ತಳ್ಳಿಹಾಕಬಹುದು. ಇಂಗ್ಲಿಷ್ ಕಡಿಮೆ ಬರುತ್ತದೆ ಎಂಬುದೇ ಮುಖ್ಯ ಕಾರಣವಾಗಿದ್ದರೆ ಮಗುವನ್ನು ವಿಶೇಷ ಶಿಕ್ಷಣಕ್ಕೆ ಸೇರಿಸುವಂತಿಲ್ಲ. ಸಾಧ್ಯವಿರುವ ಕಡೆ ಮಗುವಿನ ಭಾಷೆಯಲ್ಲೇ ಪರೀಕ್ಷೆ ಮಾಡಬೇಕು ಎಂದೂ ನಿಯಮ ಇದೆ. ಕನ್ನಡ ಬಲ್ಲ ಸ್ಕೂಲ್ ಸೈಕಾಲಜಿಸ್ಟ್ ಸಿಗುವುದು ಕಷ್ಟ, ಒಪ್ಪುತ್ತೇನೆ. ಆಗ ದುಭಾಷಿಯನ್ನು ಇಟ್ಟುಕೊಂಡು ಪರೀಕ್ಷೆ ಮಾಡಿ ಎಂದು ಕೇಳಬಹುದು. ಅದನ್ನು ಹೇಗೆ ಮಾಡಿದರು, ಅಂಕಗಳನ್ನು ಎಷ್ಟು ನಂಬಬಹುದು ಎಂಬುದು ವರದಿಯಲ್ಲಿ ಬರಬೇಕು. ಒಳ್ಳೆಯ ಅಡ್ವೊಕೇಟ್ ವರದಿಯಲ್ಲಿ ಮೊದಲು ಹುಡುಕುವ ಸಾಲುಗಳಲ್ಲಿ ಇದೂ ಒಂದು.

ನಿಮಗೂ ದುಭಾಷಿಯ ಹಕ್ಕಿದೆ. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷ್ ಆಡುವ ಅಪ್ಪನಿಗೂ ಮೀಟಿಂಗಿನ ಪರಿಭಾಷೆ ತಲೆಗೆ ಹತ್ತದೆ ಹೋಗಬಹುದು. ಮಗುವಿನ ಜೊತೆ ಹೆಚ್ಚು ಹೊತ್ತು ಇರುವ ಅಮ್ಮನಿಗೆ ಮನಸ್ಸಿನ ಮಾತು ಕನ್ನಡದಲ್ಲೇ ಬರುವುದು ಸಹಜ. ನಡೆಯುತ್ತಿರುವುದು ಪೋಷಕರಿಗೆ ಅರ್ಥವಾಗುವಂತೆ ನೋಡಿಕೊಳ್ಳುವುದು ಶಾಲೆಯ ಹೊಣೆ, ಅದರ ಖರ್ಚೂ ಶಾಲೆಯದೇ. ಕೇಳುವಾಗ "ಕನ್ನಡ" ಎಂದು ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ಹಿಂದಿ ದುಭಾಷಿ ಬಂದು ಕೂರಬಹುದು. ಮನೆಯ ದೊಡ್ಡ ಮಗುವನ್ನು ದುಭಾಷಿ ಮಾಡಬೇಡಿ. ತಮ್ಮನ ಕೊರತೆಗಳ ಪಟ್ಟಿಯನ್ನು ಅಕ್ಕನ ಬಾಯಿಂದ ಹೇಳಿಸುವುದು ಇಬ್ಬರಿಗೂ ಒಳ್ಳೆಯದಲ್ಲ.

ಇನ್ನೊಂದು ಮಾತು ನನಗೆ ತುಂಬಾ ಮುಖ್ಯ. "ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಮಾತ್ರ ಆಡಿ" ಎಂಬ ಸಲಹೆ ಈಗಲೂ ಕೆಲವರಿಗೆ ಸಿಗುತ್ತಿದೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಅಥವಾ ಮಾತು ತಡವಾದ ಮಕ್ಕಳಿಗೆ ಹಾನಿ ಆಗುತ್ತದೆ ಎಂದು ಸಂಶೋಧನೆಗಳು ತೋರಿಸಿಲ್ಲ. ಅಜ್ಜಿ ತಾತನ ಜೊತೆ ಮಾತಾಡಲು ಆ ಮಗುವಿಗೆ ಇರುವ ದಾರಿ ಕನ್ನಡವೇ ಅಲ್ವಾ? ಬಿಡಬೇಡಿ. ಸ್ಪೀಚ್ ಥೆರಪಿಯ ಗೋಲುಗಳನ್ನು (ಗುರಿಗಳನ್ನು) ಮನೆಯಲ್ಲಿ ಕನ್ನಡದಲ್ಲಿ ಅಭ್ಯಾಸ ಮಾಡಿಸುವುದು ಹೇಗೆ ಎಂದು ಥೆರಪಿಸ್ಟನ್ನೇ ಕೇಳಿ.

ರಜೆಗೆ ಬಂದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲಿ ಪರೀಕ್ಷೆ ಮಾಡಿಸುವ ಕುಟುಂಬಗಳಿವೆ. ಪೋಷಕರು ಕೊಟ್ಟ ಮಾಹಿತಿಯನ್ನು ತಂಡ ಪರಿಶೀಲಿಸಲೇಬೇಕು, ಆದ್ದರಿಂದ ಆ ವರದಿಯನ್ನು ಕೊಡಿ. ಅದರಲ್ಲಿರುವುದನ್ನೆಲ್ಲ ಶಾಲೆ ಒಪ್ಪಲೇಬೇಕು ಎಂದಿಲ್ಲ. ಆದರೂ ಮಗುವಿಗೆ ಕನ್ನಡದಲ್ಲಿ ಎಷ್ಟು ಬರುತ್ತದೆ ಎಂಬ ಚಿತ್ರ ಮೇಜಿನ ಮೇಲೆ ಇರುತ್ತದೆ.

ಹೆಜ್ಜೆ 3: ದುಡ್ಡು ಕೊಡುವ ಮೊದಲು ಉಚಿತ ನೆರವು ಹುಡುಕಿ

ಪ್ರತಿ ರಾಜ್ಯದಲ್ಲೂ ಒಂದಾದರೂ ಪೇರೆಂಟ್ ಟ್ರೇನಿಂಗ್ ಅಂಡ್ ಇನ್‌ಫರ್ಮೇಷನ್ ಸೆಂಟರ್ ಇದೆ. ಜನ ಚಿಕ್ಕದಾಗಿ ಪಿಟಿಐ ಎನ್ನುತ್ತಾರೆ. ಕೇಂದ್ರ ಸರ್ಕಾರದ ಹಣದಿಂದ ನಡೆಯುತ್ತವೆ, ಪೋಷಕರಿಗೆ ಉಚಿತ. ನ್ಯೂಜೆರ್ಸಿಯಲ್ಲಿ ಸ್ಪ್ಯಾನ್, ಮಿನೆಸೋಟದಲ್ಲಿ ಪೇಸರ್, ವಾಷಿಂಗ್ಟನ್ ರಾಜ್ಯದಲ್ಲಿ ಪೇವ್, ಟೆಕ್ಸಾಸ್‌ನಲ್ಲಿ ಪಾರ್ಟ್ನರ್ಸ್ ರಿಸೋರ್ಸ್ ನೆಟ್‌ವರ್ಕ್ ಈ ಕೆಲಸ ಮಾಡುತ್ತವೆ. ಸ್ಯಾನ್ ಹೊಸೆ ಸುತ್ತಮುತ್ತ ಇರುವವರಿಗೆ ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್ ಇದೆ. ಫೋನ್ ಮಾಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತಾರೆ, ತರಗತಿ ನಡೆಸುತ್ತಾರೆ. ಇದಲ್ಲದೆ ಪ್ರತಿ ರಾಜ್ಯದಲ್ಲೂ ಅಂಗವಿಕಲರ ಹಕ್ಕುಗಳಿಗಾಗಿ ಒಂದು ಕಾನೂನು ಸಂಸ್ಥೆ ಇದೆ. ಡಿಸಬಿಲಿಟಿ ರೈಟ್ಸ್ ಕ್ಯಾಲಿಫೋರ್ನಿಯಾ ಅಂಥದ್ದು.

ಎಷ್ಟೋ ಮನೆಗಳಿಗೆ ಇಷ್ಟೇ ಸಾಕಾಗುತ್ತದೆ. ದುಡ್ಡು ಕೊಟ್ಟು ಅಡ್ವೊಕೇಟ್ ಇಟ್ಟುಕೊಳ್ಳುವ ಹೊತ್ತು ಬಂದಿದೆ ಎಂದು ನನಗನ್ನಿಸುವುದು ಇಂಥ ಕಡೆ: ಪರೀಕ್ಷೆಯನ್ನೇ ನಿರಾಕರಿಸಿದಾಗ, ವರ್ಷ ವರ್ಷ ಅದೇ ಗೋಲು ಮತ್ತೆ ಬರೆದಾಗ, ಥೆರಪಿಯ ನಿಮಿಷಗಳನ್ನು ಕಡಿತ ಮಾಡಿದಾಗ, ಮಗುವನ್ನು ಬೇರೆ ತರಗತಿಗೋ ಬೇರೆ ಶಾಲೆಗೋ ಕಳಿಸುವ ಮಾತು ಬಂದಾಗ, ಮಗುವನ್ನು ಪದೇ ಪದೇ ಸಸ್ಪೆಂಡ್ ಮಾಡುತ್ತಿರುವಾಗ.

ಹೆಜ್ಜೆ 4: ಆರಿಸುವಾಗ ಎಚ್ಚರ

ಅಡ್ವೊಕೇಟ್ ಆಗಲು ದೇಶಕ್ಕೆಲ್ಲ ಅನ್ವಯಿಸುವ ಲೈಸೆನ್ಸ್ ಅಂತ ಇಲ್ಲ. ಯಾರು ಬೇಕಾದರೂ ಕಾರ್ಡ್ ಅಚ್ಚುಹಾಕಿಸಿಕೊಳ್ಳಬಹುದು. ಹಾಗಾಗಿ ಕೇಳುವ ಕೆಲಸ ನಿಮ್ಮದೇ. ಎಲ್ಲಿ ತರಬೇತಿ ಪಡೆದಿರಿ? ಪೋಷಕರ ಪರ ವಕೀಲರು ಮತ್ತು ಅಡ್ವೊಕೇಟರ ಸಂಘ ಕೋಪಾ ನಡೆಸುವ ತರಬೇತಿ ಮಾಡಿದ್ದೀರಾ? ನಮ್ಮ ಡಿಸ್ಟ್ರಿಕ್ಟಿನಲ್ಲಿ ಕೆಲಸ ಮಾಡಿದ್ದೀರಾ? ಡಿಸ್ಲೆಕ್ಸಿಯಾ ಅಥವಾ ಆಟಿಸಂ ಇರುವ ಎಂಥ ಮಕ್ಕಳ ಪರವಾಗಿ ಕೂತಿದ್ದೀರಿ? ವಕೀಲರು ಬೇಕಾಗುವ ಹೊತ್ತು ಬಂದರೆ ಹೇಳುತ್ತೀರಾ? ಈ ಕೊನೆಯ ಪ್ರಶ್ನೆಗೆ ತಡವರಿಸುವವರನ್ನು ಬಿಡಿ.

ಫೀಸು ಸಾಮಾನ್ಯವಾಗಿ ಗಂಟೆ ಲೆಕ್ಕ. ವರದಿ ಓದುವ ಹೊತ್ತು, ಇಮೇಲ್, ಪ್ರಯಾಣ ಇವೂ ಲೆಕ್ಕಕ್ಕೆ ಬರುತ್ತವೆಯೇ ಎಂದು ಕೇಳಿ, ಒಪ್ಪಂದವನ್ನು ಬರಹದಲ್ಲಿ ಪಡೆಯಿರಿ. ಶಾಲೆಯ ವಿರುದ್ಧ ಗೆದ್ದರೆ ವಕೀಲರ ಫೀಸನ್ನು ಡಿಸ್ಟ್ರಿಕ್ಟಿನಿಂದ ವಸೂಲು ಮಾಡಲು ಅವಕಾಶ ಇದೆ. ಪರಿಣತರ ಫೀಸಿಗೆ ಆ ಅವಕಾಶ ಇಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣ ನಡೆದದ್ದೇ ಪೋಷಕರಿಗೆ ನೆರವಾದ ಒಬ್ಬ ಶಿಕ್ಷಣ ಸಲಹೆಗಾರ್ತಿಯ ಫೀಸಿನ ಬಗ್ಗೆ. ಆದ್ದರಿಂದ ಅಡ್ವೊಕೇಟಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ ಎಂಬ ಲೆಕ್ಕದಲ್ಲಿ ಹೊರಡಬೇಡಿ.

ವಕೀಲರ ಜೊತೆ ಆಡಿದ ಮಾತಿಗೆ ಇರುವ ಗೋಪ್ಯತೆಯ ರಕ್ಷಣೆ ಅಡ್ವೊಕೇಟ್ ಜೊತೆ ಆಡಿದ್ದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಟೀಚರ್ ಮೇಲಿನ ಸಿಟ್ಟನ್ನೆಲ್ಲ ಇಮೇಲಿನಲ್ಲಿ ಸುರಿಯಬೇಡಿ. ಮುಂದೆ ವಿಚಾರಣೆ ನಡೆದರೆ ಅದು ಹೊರಗೆ ಬರಬಹುದು.

ಗ್ಯಾರಂಟಿ ಕೊಡುವವರು, "ನೀವು ಬಾಯಿ ಬಿಡಬೇಡಿ, ನಾನು ನೋಡಿಕೊಳ್ತೀನಿ" ಎನ್ನುವವರು, ಮೊದಲ ದಿನವೇ ಕಿರುಚಾಡುವವರು ಬೇಡವೇ ಬೇಡ. ಅಡ್ವೊಕೇಟ್ ಕೆಲಸ ಮುಗಿಸಿ ಹೋದ ಮೇಲೂ ನಿಮ್ಮ ಮಗು ಅದೇ ಟೀಚರ್ ಕೈಯಲ್ಲಿ ಕಲಿಯಬೇಕು. ಸ್ವಂತ ಥೆರಪಿ ಸೆಂಟರ್ ಇಟ್ಟುಕೊಂಡವರು ಅಡ್ವೊಕೇಟ್ ಕೂಡ ಆಗುತ್ತೇನೆ ಎಂದರೆ, ಅವರು ಕೇಳುವ ಥೆರಪಿ ಮಗುವಿಗೆ ಬೇಕಾದದ್ದೋ ಸೆಂಟರಿಗೆ ಬೇಕಾದದ್ದೋ ಎಂದು ಯೋಚಿಸಿ.

ಹೆಜ್ಜೆ 5: ಮೀಟಿಂಗಿಗೆ ಮುಂಚೆ, ಮೀಟಿಂಗಿನಲ್ಲಿ

ಮಗುವಿನ ಬಗ್ಗೆ ತಿಳಿವಳಿಕೆ ಇರುವವರನ್ನು ಕರೆತರುವ ಹಕ್ಕು ನಿಮಗಿದೆ. ಅವರಿಗೆ ಆ ತಿಳಿವಳಿಕೆ ಇದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ಕರೆದವರು, ಅಂದರೆ ನೀವು. ಹಾಗಿದ್ದರೂ ಅಡ್ವೊಕೇಟ್ ಬರುತ್ತಾರೆ ಎಂದು ಮೊದಲೇ ತಿಳಿಸುವುದು ಒಳ್ಳೆಯದು. ಹೇಳದೆ ಕರೆದೊಯ್ದರೆ ಮೀಟಿಂಗ್ ಮುಂದೂಡಬಹುದು, ಮನಸ್ಸೂ ಕೆಡುತ್ತದೆ.

ಶಾಲೆಯ ದಾಖಲೆಗಳನ್ನೆಲ್ಲ ಕೇಳಿ ಪಡೆಯಿರಿ. ಕೇಂದ್ರದ ನಿಯಮದಂತೆ ಮೀಟಿಂಗಿಗೆ ಮೊದಲು, ಹೆಚ್ಚೆಂದರೆ 45 ದಿನದಲ್ಲಿ ಅವನ್ನು ನೋಡಲು ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ 5 ಕೆಲಸದ ದಿನ. ತಾರೀಖಿನ ಕ್ರಮದಲ್ಲಿ ಒಂದು ಫೈಲ್ ಮಾಡಿ. ಪರೀಕ್ಷೆಯ ವರದಿ, ಐಇಪಿಯ ಕರಡು ಮುಂಚಿತವಾಗಿ ಕಳಿಸಿ ಎಂದು ಕೇಳಿ. ಅಡ್ವೊಕೇಟ್ ಜೊತೆ ಕೂತು ಒಂದು ಪುಟ ಬರೆಯಿರಿ: ಮಗುವಿಗೆ ಏನು ಚೆನ್ನಾಗಿ ಬರುತ್ತದೆ, ನಿಮ್ಮ ಆತಂಕ ಏನು, ಏನು ಬೇಕು. ಅದನ್ನು ಐಇಪಿಯ "ಪೋಷಕರ ಕಾಳಜಿ" ಭಾಗಕ್ಕೆ ಸೇರಿಸಿ ಎಂದು ಹೇಳಿ.

ಮೀಟಿಂಗಿನಲ್ಲಿ ಗೋಲುಗಳ ಮೇಲೆ ಜಾಸ್ತಿ ಹೊತ್ತು ಕಳೆಯಿರಿ. "ಓದು ಸುಧಾರಿಸುತ್ತಾನೆ" ಎನ್ನುವುದು ಗೋಲಲ್ಲ. ಈಗ ನಿಮಿಷಕ್ಕೆ 20 ಪದ ಸರಿಯಾಗಿ ಓದುತ್ತಾನೆ, ಮುಂದಿನ ಮೇ ಹೊತ್ತಿಗೆ 60 ಓದಬೇಕು, ಇಂಥವರು ಹದಿನೈದು ದಿನಕ್ಕೊಮ್ಮೆ ಅಳೆಯುತ್ತಾರೆ ಎಂದಿದ್ದರೆ ಅದು ಗೋಲು. ಎಲ್ಲಿಂದ ಎಲ್ಲಿಗೆ ಎಂದು ಗೊತ್ತಾಗಬೇಕು. ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಆಗುವಂತೆ ಐಇಪಿ ಇರಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಎಂಡ್ರೂ ಎಫ್. ಪ್ರಕರಣದಲ್ಲಿ ಹೇಳಿದೆ. ಹೆಸರಿಗೊಂದು ಚೂರು ಪ್ರಗತಿ ಸಾಲದು ಎಂದು ಅಡ್ವೊಕೇಟರು ವಾದಿಸುವುದು ಇದನ್ನು ಹಿಡಿದೇ.

ಸೇವೆಗಳ ಪುಟದಲ್ಲಿ ನಿಮಿಷ, ವಾರಕ್ಕೆ ಎಷ್ಟು ಸಲ, ಒಬ್ಬನಿಗೋ ಗುಂಪಿಗೋ, ತರಗತಿಯೊಳಗೋ ಹೊರಗೋ ಎಲ್ಲ ಇರಬೇಕು. "ಅಗತ್ಯಕ್ಕೆ ತಕ್ಕಂತೆ" ಎಂಬ ಮಾತು ಕಂಡರೆ ನಿಲ್ಲಿಸಿ ಕೇಳಿ.

"ನಮ್ಮ ಡಿಸ್ಟ್ರಿಕ್ಟಿನಲ್ಲಿ ಹಾಗೆ ಕೊಡುವುದಿಲ್ಲ" ಎಂಬ ಉತ್ತರ ಬಂದಾಗ ಜಗಳ ಬೇಡ. "ಸರಿ, ಪ್ರಯರ್ ರಿಟನ್ ನೋಟಿಸ್ ಕೊಡಿ" ಎಂದರೆ ಸಾಕು. ಏನನ್ನು ನಿರಾಕರಿಸುತ್ತಿದ್ದೇವೆ, ಏಕೆ, ಯಾವ ಪರೀಕ್ಷೆ ಯಾವ ದಾಖಲೆ ನೋಡಿ, ಬೇರೆ ಏನೇನು ಯೋಚಿಸಿದೆವು ಎಂದು ಶಾಲೆ ಬರೆದು ಕೊಡಬೇಕು. ಬರೆಯಬೇಕು ಎಂದಾದಾಗ ಎಷ್ಟೋ "ಆಗಲ್ಲ"ಗಳು "ನೋಡೋಣ" ಆಗುತ್ತವೆ.

ಶಾಲೆಯ ಪರೀಕ್ಷೆ ಸರಿ ಅನ್ನಿಸದಿದ್ದರೆ ಡಿಸ್ಟ್ರಿಕ್ಟಿನ ಖರ್ಚಿನಲ್ಲಿ ಹೊರಗಿನವರಿಂದ ಪರೀಕ್ಷೆ ಕೇಳಬಹುದು. ಇದಕ್ಕೆ ಐಇಇ ಎನ್ನುತ್ತಾರೆ. ಡಿಸ್ಟ್ರಿಕ್ಟ್ ಖರ್ಚು ಕೊಡಬೇಕು, ಇಲ್ಲವೇ ತನ್ನ ಪರೀಕ್ಷೆ ಸರಿ ಎಂದು ತಾನೇ ವಿಚಾರಣೆಗೆ ಹೋಗಿ ತೋರಿಸಬೇಕು. ಇದು ಪೋಷಕರ ಕೈಯಲ್ಲಿರುವ ಬಲವಾದ ಹಕ್ಕು, ಆದರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ.

ಮನೆಗೆ ಬಂದು ಅಂದೇ ರಾತ್ರಿ ಒಂದು ಇಮೇಲ್ ಹಾಕಿ: ಇವತ್ತು ಇಂತಿಂಥದ್ದು ಒಪ್ಪಿಕೊಂಡೆವು, ತಪ್ಪಿದ್ದರೆ ತಿಳಿಸಿ, ಧನ್ಯವಾದ.

ಹೆಜ್ಜೆ 6: ಸಹಿ ಹಾಕುವ ಮೊದಲು

ಹಾಜರಿಯ ಸಹಿ ಬೇರೆ, ಒಪ್ಪಿಗೆಯ ಸಹಿ ಬೇರೆ. ಯಾವುದಕ್ಕೆ ಹಾಕುತ್ತಿದ್ದೀರಿ ಎಂದು ನೋಡಿ. ಮನೆಗೆ ಒಯ್ದು ಓದಿ ಕೊಡುತ್ತೇನೆ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮೊದಲ ಐಇಪಿ ನಿಮ್ಮ ಒಪ್ಪಿಗೆ ಇಲ್ಲದೆ ಶುರುವಾಗುವುದಿಲ್ಲ. ಮುಂದಿನ ಐಇಪಿಗಳಿಗೆ ರಾಜ್ಯದ ನಿಯಮ ಬೇರೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಒಪ್ಪಿದ ಭಾಗಗಳಿಗೆ ಮಾತ್ರ ಸಹಿ ಹಾಕಿ ಉಳಿದದ್ದನ್ನು ಬಿಡಬಹುದು. ನ್ಯೂಜೆರ್ಸಿಯಲ್ಲಿ ಸುಮ್ಮನಿದ್ದರೆ ನೋಟಿಸ್ ಕೊಟ್ಟ 15 ದಿನದ ಮೇಲೆ ಹೊಸ ಐಇಪಿ ಜಾರಿಗೆ ಬಂದುಬಿಡುತ್ತದೆ! ತಡೆಯಬೇಕಾದರೆ ಅಷ್ಟರೊಳಗೆ ಮಧ್ಯಸ್ಥಿಕೆಗೋ ವಿಚಾರಣೆಗೋ ಅರ್ಜಿ ಹಾಕಬೇಕು. ಬೇರೆ ರಾಜ್ಯದ ಸ್ನೇಹಿತರ ಸಲಹೆ ಇಲ್ಲಿ ಕೈಕೊಡುತ್ತದೆ. ನಿಮ್ಮ ರಾಜ್ಯ ಗೊತ್ತಿರುವ ಅಡ್ವೊಕೇಟ್ ಬೇಕು ಅನ್ನುವುದು ಇದಕ್ಕೇ.

ಹೆಜ್ಜೆ 7: ಮಾತು ಮುರಿದುಬಿದ್ದರೆ

ಮೊದಲು ಇನ್ನೊಂದು ಮೀಟಿಂಗ್ ಕೇಳಿ. ನಂತರ ಉಚಿತ ಮಧ್ಯಸ್ಥಿಕೆ ಇದೆ. ಐಇಪಿಯಲ್ಲಿ ಬರೆದ ಥೆರಪಿ ಕೊಡುತ್ತಿಲ್ಲ ಎಂಬಂಥ ನೇರ ತಪ್ಪಿಗೆ ರಾಜ್ಯದ ಶಿಕ್ಷಣ ಇಲಾಖೆಗೆ ದೂರು ಕೊಡಬಹುದು. ತಪ್ಪು ನಡೆದ ಒಂದು ವರ್ಷದೊಳಗೆ ಕೊಡಬೇಕು, ಸಾಮಾನ್ಯವಾಗಿ 60 ದಿನದಲ್ಲಿ ತೀರ್ಮಾನ ಬರುತ್ತದೆ. ಈ ದೂರನ್ನು ಅಡ್ವೊಕೇಟ್ ನೆರವಿನಿಂದ ನೀವೇ ಬರೆಯಬಹುದು.

ಕೊನೆಯದು ಡ್ಯೂ ಪ್ರೊಸೆಸ್ ವಿಚಾರಣೆ. ಇದು ಕೋರ್ಟಿನ ಹಾಗೇ ಸಾಕ್ಷಿ, ಪಾಟೀಸವಾಲು ಎಲ್ಲ ಇರುವ ವ್ಯವಹಾರ. ಕೇಳಿದವರೇ ರುಜುವಾತು ಮಾಡಬೇಕು ಎಂಬುದು 2005ರ ಸುಪ್ರೀಂ ಕೋರ್ಟ್ ತೀರ್ಪು. ಕೆಲವು ರಾಜ್ಯಗಳು ಬೇರೆ ನಿಯಮ ಮಾಡಿಕೊಂಡಿವೆ. ವಕೀಲರಲ್ಲದ ಅಡ್ವೊಕೇಟ್ ಇಲ್ಲಿ ನಿಮ್ಮ ಪರ ವಾದಿಸಬಹುದೇ ಎಂಬುದೂ ರಾಜ್ಯದ ಮೇಲೆ ನಿಂತಿದೆ. ಡೆಲವೇರ್‌ನ ಸುಪ್ರೀಂ ಕೋರ್ಟ್ 2000ದಲ್ಲೇ ಆಗದು ಎಂದಿತು. ವಿಚಾರಣೆಯ ಮಾತು ಬಂದ ದಿನವೇ ವಕೀಲರನ್ನು ನೋಡಿ. ಅಲ್ಲಿಯವರೆಗೆ ಜೋಡಿಸಿದ ಫೈಲ್ ಅವರಿಗೆ ದೊಡ್ಡ ನೆರವು. ವಿಚಾರಣೆ ಮುಗಿಯುವವರೆಗೆ ಸಾಮಾನ್ಯವಾಗಿ ಮಗು ಈಗಿರುವ ತರಗತಿಯಲ್ಲೇ, ಈಗಿರುವ ಸೇವೆಗಳೊಂದಿಗೇ ಮುಂದುವರಿಯುತ್ತದೆ.

ಊರಿಗೆ ಮರಳುವವರಿಗೆ

ಐಇಪಿಗೆ ಭಾರತದಲ್ಲಿ ಕಾನೂನಿನ ಬಲ ಇಲ್ಲ. ಆದರೂ ಹೊರಡುವ ಮುಂಚೆ ಪೂರ್ತಿ ದಾಖಲೆ, ಪರೀಕ್ಷೆಯ ಅಂಕಗಳ ಪುಟಗಳೂ ಸೇರಿ ಪಡೆದುಕೊಳ್ಳಿ. ಬೆಂಗಳೂರಿನ ಹೊಸ ಶಾಲೆಯ ಸ್ಪೆಷಲ್ ಎಜುಕೇಟರ್‌ಗೆ ಅದು ತುಂಬಾ ಉಪಯೋಗ. ಇಲ್ಲಿ ಆಧಾರ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದು ಹೆಸರಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ, ಕಲಿಕೆಯ ನಿರ್ದಿಷ್ಟ ತೊಂದರೆಗಳೂ ಇವೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವನ್ನು 17ನೇ ಸೆಕ್ಷನ್ ಹೆಸರಿಸಿದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಬೇಗ ಅರ್ಜಿ ಹಾಕಿ. ಹತ್ತನೇ ತರಗತಿಯವರೆಗೆ ಕಾಯದೆ, ಸೇರಿಸುವಾಗಲೇ ಶಾಲೆಯ ಜೊತೆ ಈ ವಿನಾಯಿತಿಗಳ ಮಾತು ಶುರುಮಾಡಿ.